ಫಿನೊ, ಮಂಜನಿಯಾ, ಅಮೊಂಟಿಯಾಡೊ, ಒಲೊರೊಸೊ: ಡ್ರೈ ಶೆರಿಯಲ್ಲಿ ಯಾವುದು ಯಾವಾಗ?

ಶೆರಿ ಅಂದರೆ ಸಿಹಿ ವೈನ್ ಅಂತಲೇ ನಮ್ಮಲ್ಲಿ ಸುಮಾರು ಜನರ ಲೆಕ್ಕ. ಆದರೆ ಅದು ಹುಟ್ಟುವ ಸ್ಪೇನಿನ ಹೆರೆಸ್ ಊರಿನಲ್ಲಿ ಜನ ಊಟದ ಜೊತೆ ಇಟ್ಟುಕೊಳ್ಳುವುದು ಸಿಹಿಯಿಲ್ಲದ, ಅಂದರೆ ಡ್ರೈ ಶೆರಿಯನ್ನೇ. ಅಂಥ ನಾಲ್ಕು ಬಗೆಯನ್ನು ಅಕ್ಕಪಕ್ಕ ಇಟ್ಟು ಕುಡಿದು ನೋಡಿದೆ. ನಾಲ್ಕಕ್ಕೂ ದ್ರಾಕ್ಷಿ ಒಂದೇ, ಪಲೊಮಿನೊ. ರುಚಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲು ಫಿನೊ ಮತ್ತು ಮಂಜನಿಯಾ. ಎರಡರಲ್ಲೂ ಆಲ್ಕೋಹಾಲ್ ಸುಮಾರು 15%. 600 ಲೀಟರಿನ ಪೀಪಾಯಿಯನ್ನು ಪೂರ್ತಿ ತುಂಬಿಸದೆ ಬಿಡುತ್ತಾರೆ. ವೈನಿನ ಮೇಲೆ ಹಾಲಿನ ಕೆನೆ ಹಾಗೆ ಯೀಸ್ಟ್ ಪದರ ಕಟ್ಟುತ್ತದೆ. ಅದರ ಹೆಸರು ಫ್ಲೋರ್. ಗಾಳಿ ತಾಗದಂತೆ ಅದೇ ಕಾಯುತ್ತದೆ, ಅದಕ್ಕೇ ಬಣ್ಣ ತಿಳಿಯಾಗಿರುತ್ತದೆ. ಮಂಜನಿಯಾ ಮಾಗುವುದು ಸಮುದ್ರದ ಪಕ್ಕದ ಸನ್ಲೂಕರ್ ಊರಿನಲ್ಲಿ. ಅಲ್ಲಿನ ತಂಪು, ತೇವದ ಗಾಳಿಗೆ ಫ್ಲೋರ್ ಇನ್ನೂ ದಪ್ಪಗೆ ಬೆಳೆಯುತ್ತದೆ.

ಟಿಯೊ ಪೆಪೆ ಬ್ರ್ಯಾಂಡಿನ ಫಿನೊ ಒಂದು ಲೋಟದಲ್ಲಿ, ಲಾ ಹಿತಾನಾ ಬ್ರ್ಯಾಂಡಿನ ಮಂಜನಿಯಾ ಇನ್ನೊಂದರಲ್ಲಿ. ಫಿನೊದಲ್ಲಿ ಹಸಿ ಬಾದಾಮಿ, ಹುಳಿ ಬಂದ ಹಿಟ್ಟಿನ ವಾಸನೆ, ಕೊನೆಗೆ ಚೂರು ಕಹಿ. ಮಂಜನಿಯಾ ಅದಕ್ಕಿಂತ ಹಗುರ, ನಾಲಿಗೆ ತುದಿಗೆ ಉಪ್ಪುಪ್ಪು. ಊಟಕ್ಕೆ ಮುಂಚೆ ಆಲಿವ್, ಹುರಿದ ಬಾದಾಮಿ ಜೊತೆ ಕೂತರೆ ನನಗೆ ಮಂಜನಿಯಾನೇ ಬೇಕು. ಊಟ ಶುರುವಾದ ಮೇಲೆ ಫಿನೊ ಗಟ್ಟಿ.

ಎರಡನ್ನೂ ಚೆನ್ನಾಗಿ ತಣ್ಣಗೆ, 7ರಿಂದ 9 ಡಿಗ್ರಿಯಲ್ಲಿ ಕೊಡಬೇಕು. ಲೋಟದಲ್ಲಿ ಬಿಸಿಯಾದರೆ ಸ್ಪಿರಿಟ್ ವಾಸನೆಯೇ ಮುಂದೆ ಬರುತ್ತದೆ. ಬಾಟಲಿಯನ್ನು ಐಸಿನಲ್ಲಿಟ್ಟು ಸ್ವಲ್ಪ ಸ್ವಲ್ಪ ಬಗ್ಗಿಸಿಕೊಳ್ಳಿ.

ಅಮೊಂಟಿಯಾಡೊ ಶುರುವಾಗುವುದು ಫಿನೊ ಆಗಿಯೇ. ಆಮೇಲೆ ಫ್ಲೋರ್ ಸತ್ತು, ಗಾಳಿ ತಾಗಿ, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮೂಗಿಗೆ ಹುರಿದ ಬೀಜದ ಘಮ, ಬಾಯಿಗೆ ಮಾತ್ರ ಕಡ್ಡಿ ಹಾಗೆ ಡ್ರೈ. ಈಜುವುದಕ್ಕೆ ಫಿನೊ, ಹಾರುವುದಕ್ಕೆ ಅಮೊಂಟಿಯಾಡೊ, ಓಡುವುದಕ್ಕೆ ಒಲೊರೊಸೊ ಅಂತ ಆ ಕಡೆ ಒಂದು ಮಾತಿದೆ. ಮೀನು, ಕೋಳಿ, ದನದ ಲೆಕ್ಕ ಅದು. ನನ್ನಂಥ ಪುಳಿಚಾರಿಗೆ ಅದರಿಂದ ಏನುಪಯೋಗ ಹೇಳಿ! ಪಾಲಕ್ ಮತ್ತು ಕಾಬೂಲಿ ಕಡಲೆಗೆ ಜೀರಿಗೆ, ಬೆಳ್ಳುಳ್ಳಿ ಹಾಕಿ ಮಾಡುವ ಸ್ಪೇನಿನ ಸೆವಿಲ್ಲಾ ಊರಿನ ತಪಸ್ (ವೈನ್ ಜೊತೆ ತಿನ್ನುವ ಚಿಕ್ಕ ತಿಂಡಿ) ಒಂದಿದೆ. ಅದರ ಮುಂದೆ ಮಂಜನಿಯಾ ಕಾಣೆಯಾಯಿತು, ಫಿನೊ ಹೇಗೋ ತಡೆದುಕೊಂಡಿತು, ಅಮೊಂಟಿಯಾಡೊ ಗೆದ್ದಿತು. ಅಣಬೆಗೂ ಇದೇ ಸರಿ. ಮಸಾಲೆ ಅಡುಗೆಗೆ ವೈನ್ ಹುಡುಕಿ ಸೋತವರು ಇದನ್ನೊಮ್ಮೆ ನೋಡಬೇಕು. ಇದನ್ನು ಫಿನೊ ಹಾಗೆ ಜಾಸ್ತಿ ತಣ್ಣಗೆ ಮಾಡಿದರೆ ಘಮವೇ ಸತ್ತುಹೋಗುತ್ತದೆ. 12ರಿಂದ 14 ಡಿಗ್ರಿ ಸಾಕು.

ಒಲೊರೊಸೊಗೆ ಆಲ್ಕೋಹಾಲ್ 17% ದಾಟಿಸುವುದರಿಂದ ಫ್ಲೋರ್ ಬೆಳೆಯುವುದೇ ಇಲ್ಲ. ದಪ್ಪ, ಗಾಢ. ಹಳೆಯ ಚೀಸ್ ಜೊತೆ ಸೊಗಸು, ಆದರೆ ಒಂದು ಲೋಟಕ್ಕೆ ನನಗೆ ಸಾಕಾಗುತ್ತದೆ.

ಲೋಟದ ವಿಷಯ. ಹೋಟೆಲುಗಳಲ್ಲಿ ಬೆರಳುದ್ದದ ಲಿಕರ್ ಲೋಟದಲ್ಲಿ ತಂದುಕೊಡುತ್ತಾರಲ್ಲ, ಅದು ಶುದ್ಧ ದಂಡ. ಮೂಗಿಗೆ ಜಾಗವೇ ಇರುವುದಿಲ್ಲ. ಹೆರೆಸಿನವರ ಕಿರಿದಾದ ಕತವಿನೊ ಲೋಟ ನೋಡಲು ಚೆಂದ, ಪರವಾಗಿಲ್ಲ. ಸಾಧಾರಣ ವೈಟ್ ವೈನ್ ಲೋಟದಲ್ಲಿ ಮೂರನೇ ಒಂದು ಭಾಗ ಹಾಕಿದಾಗ ಘಮ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಮುಚ್ಚಳ ತೆಗೆದ ಫಿನೊ, ಮಂಜನಿಯಾ ಫ್ರಿಜ್‌ನಲ್ಲಿಟ್ಟರೂ ಒಂದು ವಾರದೊಳಗೆ ಮುಗಿಸಿ. 375 ಮಿ.ಲೀ. ಅರ್ಧ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ. ಅಮೊಂಟಿಯಾಡೊ ಎರಡು ಮೂರು ವಾರ ತಡೆಯುತ್ತದೆ, ಒಲೊರೊಸೊ ಇನ್ನೂ ಹೆಚ್ಚು. ಕೊಳ್ಳುವಾಗ ಲೇಬಲ್ಲಿನಲ್ಲಿ ಮೀಡಿಯಂ, ಕ್ರೀಮ್, ಪೇಲ್ ಕ್ರೀಮ್ ಅಂತ ಕಂಡರೆ ವಾಪಸ್ ಇಟ್ಟುಬಿಡಿ. ಅವೆಲ್ಲ ಸಿಹಿ ಇರುವಂಥವು.