ವರ್ಷದ ಚಂದಾ ಕಟ್ಟಿದ ರೇಡಾರ್ ಆ್ಯಪ್: ಕೊಡಗಿನ ತೋಟದವರಿಗೆ ಉಪಯೋಗ ಇದೆಯಾ?

ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಗೋಣಿಕೊಪ್ಪ ಕಡೆ ಎಲ್ಲರ ಬಾಯಲ್ಲೂ, ರೇಡಾರ್‌ಗೆ ಕಂಡ ಮಳೆಮೋಡವನ್ನು ಫೋನಿನಲ್ಲಿ ತೋರಿಸುವ ಇದೇ ಆ್ಯಪ್. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ನೇರವಾಗಿ ಹೇಳುತ್ತೇನೆ: ಏಪ್ರಿಲ್, ಮೇ ಗುಡುಗು ಮಳೆಗೆ ಒಳ್ಳೆಯದು, ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮುಂಗಾರು ಮಳೆಗೆ ಸುಮ್ನೆ ದಂಡ.

ಕಾರಣ ದೂರ. ಈ ಆ್ಯಪ್‌ಗೆ ಚಿತ್ರ ಕೊಡುವ ಕೊಚ್ಚಿ ರೇಡಾರ್ ಮಡಿಕೇರಿಯಿಂದ ಸುಮಾರು 280 ಕಿ.ಮೀ. ಆಚೆ ಇದೆ. ಅದರ ಕಿರಣ ಬರೀ ಅರ್ಧ ಡಿಗ್ರಿ ಮೇಲಕ್ಕೆ ಹೊರಟರೂ, ಭೂಮಿ ಗುಂಡಗಿದೆಯಲ್ಲ, ಇಲ್ಲಿಗೆ ಬರುವಷ್ಟರಲ್ಲಿ 7 ಕಿ.ಮೀ. ಎತ್ತರದಲ್ಲಿರುತ್ತದೆ. ಮುಂಗಾರಿನ ಮಳೆಮೋಡ ಎಷ್ಟೋ ಸಲ ಅದಕ್ಕಿಂತ ಕೆಳಗೇ ಇರುತ್ತದೆ. ಭಾಗಮಂಡಲದಲ್ಲಿ ಜಡಿಮಳೆ, ಫೋನಿನಲ್ಲಿ ಏನೂ ಇಲ್ಲ! ಗುಡುಗಿನ ಮೋಡ 12 ಕಿ.ಮೀ. ದಾಟಿ ಬೆಳೆಯುತ್ತದೆ, ಹಾಗಾಗಿ ಅದರ ಮೇಲಿನ ಭಾಗವಾದರೂ ಸಿಗುತ್ತದೆ. ಈ ದೂರದ ತೊಂದರೆಯೇ ಬೇಡ ಅಂತ ಅಮೆರಿಕದವರು 1995ರಲ್ಲೇ ಲಾರಿ ಮೇಲೆ ರೇಡಾರ್ ಕೂರಿಸಿ ಸುಂಟರಗಾಳಿ ಹತ್ತಿರಕ್ಕೇ ಓಡಿಸಿದ್ದರು. ನಮ್ಮ ಘಾಟಿ ತಿರುವಿನಲ್ಲಿ ಅಂಥ ಲಾರಿ ಬಂದರೆ ಎದುರಿನ ಬಸ್ಸಿನವರು ಬಿಡ್ತಾರಾ?

ಮಧ್ಯಾಹ್ನ ಪಿರಿಯಾಪಟ್ಟಣ ಕಡೆ ಒಂದು ಹಳದಿ ಚುಕ್ಕೆ ಎದ್ದು, ಕೆಂಪಾಗಿ, ಇತ್ತ ಸರಿಯುತ್ತಾ ಬಂತು ಅಂದರೆ ಕಣದಲ್ಲಿ ಹರಡಿದ ಕರಿಮೆಣಸಿಗೆ ಟಾರ್ಪಾಲು ಎಳೆಯುವಷ್ಟು ಸಮಯ ಖಂಡಿತ ಸಿಗುತ್ತದೆ. ಬಣ್ಣ ಒತ್ತಿದರೆ ಡಿಬಿಜೆಡ್ ಅಂಕಿ ಬರುತ್ತದೆ, ಅಂದರೆ ಮೋಡಕ್ಕೆ ಬಡಿದು ವಾಪಸ್ ಬಂದ ರೇಡಾರ್ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಳತೆ. 55 ದಾಟಿದರೆ ಆಲಿಕಲ್ಲು ಇರಬಹುದು ಅಂತ ಲೆಕ್ಕ.

ಆದರೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಇದನ್ನು ನೋಡಿ ತೀರ್ಮಾನ ಮಾಡಬೇಡಿ. ರೋಬಸ್ಟಾ ಕಾಫಿಯ ಹೂವಿಗೆ ಒಂದಿಂಚಾದರೂ ಮಳೆ ಬೇಕು. ಇಪ್ಪತ್ತು ಸೆಂಟ್ (ನೂರು ಸೆಂಟ್ ಅಂದರೆ ಒಂದಿಂಚು) ಬಿದ್ದು ನಿಂತರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ, ಅದಕ್ಕಿಂತ ಬೀಳದಿರುವುದೇ ವಾಸಿ. ಆ್ಯಪ್‌ನಲ್ಲಿ ತೋಟದ ಮೇಲೆಲ್ಲ ಕಡುಗೆಂಪು ಇದ್ದ ಸಂಜೆ ನಮ್ಮ ಮಳೆ ಮಾಪಕದಲ್ಲಿ ಇದ್ದದ್ದು ಹದಿನೈದು ಸೆಂಟ್. ಅಷ್ಟು ಮೇಲೆ ಕಂಡದ್ದು ನೆಲ ಮುಟ್ಟುವ ಮೊದಲು ಪಕ್ಕಕ್ಕೆ ಸರಿಯಬಹುದು, ಆವಿಯೂ ಆಗಬಹುದು.

ನನಗೆ ಜಾಸ್ತಿ ಸಿಟ್ಟು ಬಂದಿದ್ದು 'ಮುಂದಿನ ಎರಡು ಗಂಟೆ' ಅನ್ನುವ ಪಟ್ಟಿ ನೋಡಿ. ಅದು ಬರೀ ಅಂದಾಜು, ಆದರೂ ನಿಜವಾದ ರೇಡಾರ್ ಚಿತ್ರದ ಬಣ್ಣದಲ್ಲೇ ತೋರಿಸುತ್ತಾರೆ. ಚಂದಾ ಕಟ್ಟಿಸಿಕೊಳ್ಳುವುದೂ ಇದಕ್ಕೇ! ಆಗಿಹೋದ ಮಳೆಯ ಚಿತ್ರ ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ. ಸಿಡಿಲಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಹಾಕಿಕೊಳ್ಳಿ, 20 ಮತ್ತು 40 ಕಿ.ಮೀ. ಒಳಗಿನದ್ದು ತೋರಿಸುತ್ತದೆ, ಅದಕ್ಕೂ ದುಡ್ಡಿಲ್ಲ.

ತಿಂಗಳ ಲೆಕ್ಕದಲ್ಲಿ ಕಟ್ಟುವ ಹಾಗಿದ್ದರೆ ಮಾರ್ಚಿಯಿಂದ ಮೇವರೆಗೆ ಕಟ್ಟಿ ಸಾಕು. ಆಟೋ ರಿನ್ಯೂವಲ್ ಮೊದಲೇ ಆಫ್ ಮಾಡಿ, ಆ ಬಟನ್ ಸೆಟಿಂಗ್ಸ್‌ನಲ್ಲಿ ಎಲ್ಲೋ ಒಳಗೆ ಇಟ್ಟಿದ್ದಾರೆ.