ಪಾಲು ಕಂಟೇನರ್ ಸೇವೆ: ದರಪಟ್ಟಿಯಲ್ಲಿ ಕಾಣದ ನಂಟುಗಳು

ಇಡೀ ಕಂಟೇನರ್ ತುಂಬುವಷ್ಟು ಸರಕಿಲ್ಲದ ಸಣ್ಣ ಉತ್ಪಾದಕರಿಗಾಗಿ ಸಾಗಣೆ ಏಜೆನ್ಸಿಗಳು ನೀಡುವ ಸೇವೆಗೆ ವ್ಯವಹಾರದಲ್ಲಿ ಎಲ್‌ಸಿಎಲ್ ಎಂದು ಹೆಸರು. ಹಲವರ ಸರಕನ್ನು ಒಂದೇ ಕಂಟೇನರಿನಲ್ಲಿ ಜೋಡಿಸಿ, ಅವರವರ ಪಾಲಿನ ಬಾಡಿಗೆಯನ್ನಷ್ಟೇ ಪಡೆಯುವುದು ಇದರ ಕ್ರಮ. ಯಂತ್ರದ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳುಹಿಸುವ ಘಟಕವೊಂದರ ರವಾನೆ ವಿಭಾಗದಲ್ಲಿ ಇದನ್ನು ಬಳಸುತ್ತಿರುವ ನನ್ನ ಅಭಿಪ್ರಾಯದಲ್ಲಿ, ಈ ಸೇವೆಯನ್ನು ಹಡಗಿನ ವೇಗದಿಂದ ಅಳೆಯುವುದು ಸರಿಯಲ್ಲ. ಬ್ಯಾಂಕು, ವಿಮೆ, ಕಸ್ಟಮ್ಸ್ ಮತ್ತು ಪ್ಯಾಕಿಂಗ್ ಉದ್ಯಮಗಳ ನಡುವೆ ನಮ್ಮ ಸರಕೂ ಕಾಗದಪತ್ರವೂ ಎಷ್ಟು ಸಲೀಸಾಗಿ ಕೈದಾಟುತ್ತವೆ ಎಂಬುದರಿಂದ ಅಳೆಯಬೇಕು.

ದರದ ಲೆಕ್ಕ ನ್ಯಾಯವಾಗಿಯೇ ಇದೆ. ಒಂದು ಘನ ಮೀಟರ್ ಅಥವಾ ಒಂದು ಟನ್, ಇವುಗಳಲ್ಲಿ ಯಾವ ಲೆಕ್ಕ ಹೆಚ್ಚಾಗುತ್ತದೆಯೋ ಅದಕ್ಕೆ ಬಾಡಿಗೆ. 20 ಅಡಿಯ ಕಂಟೇನರಿನ ಒಳ ಅಳತೆ ಸುಮಾರು 33 ಘನ ಮೀಟರ್ ಇರುವುದರಿಂದ, ಭಾರದ ಎರಕದ ಭಾಗಗಳನ್ನು ಕೆಳಗಿಟ್ಟು ಹಗುರವಾದ ಸರಕನ್ನು ಮೇಲೆ ಜೋಡಿಸಬಲ್ಲ ಏಜೆನ್ಸಿಗೆ ಲಾಭ, ನಮಗೂ ಅಗ್ಗ. ಆದರೆ ಪೂರ್ಣ ಕಂಟೇನರಿನಂತೆ ಇದು ಕಾರ್ಖಾನೆಯಲ್ಲಿ ಮುಚ್ಚಿ ಖರೀದಿದಾರನ ಬಾಗಿಲಲ್ಲಿ ತೆರೆಯುವ ವ್ಯವಸ್ಥೆಯಲ್ಲ. ಎರಡೂ ಬಂದರುಗಳ ಗೋದಾಮುಗಳಲ್ಲಿ ಸರಕು ಬೇರೆಯವರ ಕೈಗೆ ಸಿಗುತ್ತದೆ. ಪ್ಯಾಕಿಂಗಿನಲ್ಲಿ ಜಿಪುಣತನ ಮಾಡುವವರಿಗೆ ಈ ಸೇವೆ ತಕ್ಕದ್ದಲ್ಲ.

ಪ್ಯಾಕಿಂಗಿನ ಮರದ ವಿಷಯವಂತೂ ನೇರವಾಗಿ ಕೃಷಿ ಮತ್ತು ಅರಣ್ಯಗಳಿಗೆ ತಾಗುತ್ತದೆ. ಕೀಟಗಳು ಗಡಿ ದಾಟದಂತೆ ತಡೆಯುವ ಐಎಸ್‌ಪಿಎಂ 15 ನಿಯಮದಡಿ, ಶಾಖದಿಂದ ಸಂಸ್ಕರಿಸುವ ಮರದ ಒಳಭಾಗವೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆ ಮರದ ಮೇಲೆ ಕಾಣಬೇಕು. ಪಾಲುದಾರರಲ್ಲಿ ಒಬ್ಬರ ಪ್ಯಾಲೆಟ್‌ಗೆ (ಸರಕಿನ ಅಡಿಗಿಡುವ ಮರದ ಚೌಕಟ್ಟಿಗೆ) ಮುದ್ರೆ ಇಲ್ಲದಿದ್ದರೂ ಉಳಿದವರ ಸರಕು ಜೊತೆಗೇ ತಡೆಯಲ್ಪಡಬಹುದು. ಇದನ್ನು ತುಂಬುವ ಮೊದಲೇ ಪರಿಶೀಲಿಸುವ ಏಜೆನ್ಸಿಗೆ ತುಸು ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬ್ಯಾಂಕಿನ ನಂಟು. ಲೆಟರ್ ಆಫ್ ಕ್ರೆಡಿಟ್ (ಷರತ್ತಿನಂತೆ ದಾಖಲೆ ಸಲ್ಲಿಸಿದರೆ ಹಣ ಕೊಡುವುದಾಗಿ ಖರೀದಿದಾರರ ಬ್ಯಾಂಕು ನೀಡುವ ಭರವಸೆ ಪತ್ರ) ವ್ಯವಹಾರಗಳಿಗೆ 2007ರಿಂದ ಅನ್ವಯವಾಗುತ್ತಿರುವ ಯುಸಿಪಿ 600 ನಿಯಮಾವಳಿಯ ಪ್ರಕಾರ ಬ್ಯಾಂಕು ನೋಡುವುದು ದಾಖಲೆಗಳನ್ನು, ಸರಕನ್ನಲ್ಲ. ಮೂಲ ಸಾರಿಗೆ ದಾಖಲೆಗಳನ್ನು ರವಾನೆಯಾದ 21 ದಿನಗಳೊಳಗೆ ಸಲ್ಲಿಸಬೇಕು, ಕ್ರೆಡಿಟ್‌ನ ಅವಧಿಯೂ ಮೀರಿರಬಾರದು. ನಮ್ಮ ಏಜೆನ್ಸಿಯೊಂದು ಬಿಲ್ ಆಫ್ ಲೇಡಿಂಗ್‌ನಲ್ಲಿ, ಅಂದರೆ ಸರಕನ್ನು ಸಾಗಣೆಗೆ ಪಡೆದದ್ದಕ್ಕೆ ಕೊಡುವ ದಾಖಲೆಯಲ್ಲಿ, ಖರೀದಿದಾರರ ಹೆಸರನ್ನು ತಪ್ಪಾಗಿ ಅಚ್ಚು ಹಾಕಿ, ತಿದ್ದುವುದಕ್ಕೆ ಸತಾಯಿಸಿದಾಗ ಹಡಗು ತನ್ನ ಪಾಡಿಗೆ ಸಾಗಿತ್ತು, ಹಣ ಮಾತ್ರ ನಿಂತಿತ್ತು. ಆ ಹಣ ನಂಬಿದ್ದ ಉಕ್ಕಿನ ಖರೀದಿ ಮುಂದಕ್ಕೆ ಹೋಗಿ, ಲೇತ್‌ಗಳಿಗೆ ಕೆಲಸ ಕಡಿಮೆಯಾಯಿತು. ಏಜೆನ್ಸಿ ತನ್ನ ಹೆಸರಿನಲ್ಲಿ ಕೊಡುವ ಹೌಸ್ ಬಿಲ್ ಆಫ್ ಲೇಡಿಂಗ್ ನಿಮ್ಮ ಕ್ರೆಡಿಟ್‌ನ ಷರತ್ತಿಗೆ ಒಪ್ಪುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ವಿಮೆಯನ್ನು ಏಜೆನ್ಸಿಯವರು ಐಚ್ಛಿಕ ಎನ್ನುತ್ತಾರೆ; ನಾನು ಹಾಗೆನ್ನಲಾರೆ. 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ ಎವರ್ ಗಿವನ್ ಹಡಗು 29ರಂದು ತೇಲಿತು. ಬಳಿಕ ಅದರ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು: ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ವೆಚ್ಚವನ್ನು ಹಡಗಿನ ಮಾಲೀಕರೂ ಸರಕಿನ ಒಡೆಯರೆಲ್ಲರೂ ಹಂಚಿಕೊಳ್ಳುವ ಹಳೆಯ ಕಡಲ ಪದ್ಧತಿ ಅದು. ತಮ್ಮ ಸರಕಿಗೆ ಗೀರೂ ಬೀಳದವರು ಸಹ ಭದ್ರತೆ ಕೊಡದೆ ಅದನ್ನು ಬಿಡಿಸಿಕೊಳ್ಳುವಂತಿರಲಿಲ್ಲ. ವಿಮೆ ಇದ್ದರೆ ಆ ಭದ್ರತೆಯನ್ನು ವಿಮಾ ಸಂಸ್ಥೆ ನೀಡುತ್ತದೆ, ಇಲ್ಲದಿದ್ದರೆ ನಗದು ಹೊಂದಿಸಬೇಕು. ಪಾಲು ಕಂಟೇನರಿನಲ್ಲಿ ನಿಮ್ಮ ಬಿಡುಗಡೆ ಇತರರ ಭದ್ರತೆಯ ಮೇಲೂ ನಿಂತಿರುತ್ತದೆ.

ಸುಮಾರು 15 ಘನ ಮೀಟರ್‌ವರೆಗಿನ ಗಟ್ಟಿ ಸರಕಿಗೆ ಈ ಸೇವೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಅದಕ್ಕಿಂತ ಹೆಚ್ಚಾದರೆ ಪೂರ್ಣ ಕಂಟೇನರಿನ ದರವನ್ನೂ ತರಿಸಿ ನೋಡುವುದು ಒಳಿತು. ಆದರೆ ಹಡಗಿನ ಬಾಡಿಗೆಯನ್ನು ಆಶ್ಚರ್ಯವಾಗುವಷ್ಟು ಇಳಿಸಿ, ಕೊರತೆಯನ್ನು ಗಮ್ಯ ಬಂದರಿನ ಶುಲ್ಕಗಳಲ್ಲಿ ತುಂಬಿಕೊಳ್ಳುವ ಚಾಳಿ ಈ ವ್ಯವಹಾರದಲ್ಲಿ ಇದೆ. ಗಮ್ಯ ಬಂದರಿನವರೆಗಿನ ಬಾಡಿಗೆ ಮತ್ತು ವಿಮೆಯನ್ನು ಮಾರಾಟಗಾರರೇ ಭರಿಸುವ ಸಿಐಎಫ್ ಷರತ್ತಿನ ಮಾರಾಟದಲ್ಲಿ ಆ ಶುಲ್ಕ ಸಾಮಾನ್ಯವಾಗಿ ಖರೀದಿದಾರರ ತಲೆಗೆ ಬಂದು, ದೂರು ಮಾತ್ರ ನಮ್ಮ ಮೇಜಿಗೆ ಬರುತ್ತದೆ. ಆದ್ದರಿಂದ ಎರಡೂ ಬಂದರುಗಳ ಶುಲ್ಕವನ್ನು ಬರಹದಲ್ಲಿ ಕೊಡದ ಏಜೆನ್ಸಿಯ ದರಪಟ್ಟಿಯನ್ನು ನಾವು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ.