ಜಿಂಪ್‌ನ ಎಕ್ಸ್‌ಪೋರ್ಟ್ ದೋಷಗಳು: ಬ್ಯಾನರ್ ವಿನ್ಯಾಸಕಾರರಿಗಾಗಿ ಒಂದು ವಿಮರ್ಶೆ

ದಾವಣಗೆರೆಯಲ್ಲಿ ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ದುರ್ಗಾಂಬಿಕಾ ಜಾತ್ರೆಯ ಬ್ಯಾನರ್‌ಗಳ ವಿನ್ಯಾಸ ಮಾಡಿ ಬದುಕುವ ಸಣ್ಣ ಅಂಗಡಿಯವರಿಗೆ, ಹಣ ತೆರದೆ ಕಾನೂನುಬದ್ಧವಾಗಿ ಬಳಸಬಹುದಾದ ಚಿತ್ರ ಸಂಪಾದನಾ ತಂತ್ರಾಂಶವೆಂದು ನಾನು ಮೊದಲು ಹೇಳುವ ಹೆಸರು ಜಿಂಪ್. 1995ರಲ್ಲಿ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಆರಂಭಿಸಿದ ಈ ತಂತ್ರಾಂಶದ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂದಿದೆ. ಇಲ್ಲಿ ಅದರ ಎಕ್ಸ್‌ಪೋರ್ಟ್ ಭಾಗವನ್ನಷ್ಟೇ, ಅಂದರೆ ಸಿದ್ಧವಾದ ಚಿತ್ರವನ್ನು ಜೆಪೆಗ್‌ನಂಥ ಕಡತವಾಗಿ ಹೊರತೆಗೆಯುವ ಹಂತವನ್ನಷ್ಟೇ, ಪರಿಶೀಲಿಸುತ್ತೇನೆ. ಏಕೆಂದರೆ ಹೊಸಬರು ಜಿಂಪ್ ಕೈಬಿಡುವುದು ಬಹುಮಟ್ಟಿಗೆ ಈ ಹಂತದಲ್ಲೇ.

‘ಜಿಂಪ್‌ನಲ್ಲಿ ಜೆಪೆಗ್ ಸೇವ್ ಆಗುವುದೇ ಇಲ್ಲ’ ಎಂಬುದು ಸಾಮಾನ್ಯವಾದ ದೂರು. 2012ರ 2.8 ಆವೃತ್ತಿಯಿಂದ ಸೇವ್ ಎಂದರೆ ಲೇಯರ್‌ಗಳ (ಒಂದರ ಮೇಲೊಂದು ಇರುವ, ಬೇರೆಬೇರೆಯಾಗಿ ತಿದ್ದಬಹುದಾದ ಪದರಗಳ) ಸಮೇತ ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಕಡತ, ಜೆಪೆಗ್ ಮತ್ತು ಪಿಎನ್‌ಜಿಗಳಿಗೆ ಎಕ್ಸ್‌ಪೋರ್ಟ್ ಎಂದು ದಾರಿಗಳು ಬೇರೆಯಾದವು. ಈ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಬ್ಯಾನರ್‌ನಲ್ಲಿ ದಿನಾಂಕವನ್ನಷ್ಟೇ ಬದಲಿಸಬೇಕಾದಾಗ ಕೈಗೆ ಬೇಕಾಗುವುದು ಲೇಯರ್‌ಗಳಿರುವ ಮೂಲ ಕಡತವೇ.

ಎಕ್ಸ್‌ಪೋರ್ಟ್ ನಡುವೆಯೇ ನಿಂತುಹೋದರೆ ಮೊದಲು ಚಿತ್ರದ ಅಳತೆಯನ್ನು ನೋಡಬೇಕು. 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರನ್ನು ಲಗ್ನಪತ್ರಿಕೆಯ ರೂಢಿಯಂತೆ ಇಂಚಿಗೆ 300 ಪಿಕ್ಸೆಲ್‌ನಲ್ಲಿ ರಚಿಸಿದರೆ ಅದರ ಅಗಲ 72,000 ಪಿಕ್ಸೆಲ್ ಆಗುತ್ತದೆ. ಜೆಪೆಗ್‌ನ ಮಿತಿಯಾದರೋ ಒಂದು ಬದಿಗೆ 65,535 ಪಿಕ್ಸೆಲ್. ಎಷ್ಟು ಶಕ್ತಿಶಾಲಿ ಕಂಪ್ಯೂಟರ್ ಇದ್ದರೂ ಆ ಕಡತ ಜೆಪೆಗ್ ಆಗಲಾರದು. ದೂರದಿಂದ ನೋಡುವ ಬ್ಯಾನರ್‌ಗೆ ಇಂಚಿಗೆ 72 ಪಿಕ್ಸೆಲ್ ಸಾಕಾಗುವುದರಿಂದ ಅಗಲ 17,280ಕ್ಕೆ ಇಳಿಯುತ್ತದೆ, ಜೆಪೆಗ್ ಸಲೀಸಾಗಿ ಸಿದ್ಧವಾಗುತ್ತದೆ. ಅದೇ ಚಿತ್ರವನ್ನು ಜಾಲತಾಣಕ್ಕೆಂದು ವೆಬ್‌ಪಿ ಎಂಬ ಕಡತ ಪ್ರಕಾರಕ್ಕೆ ಕಳುಹಿಸಿದರೆ ಮತ್ತೆ ತಡೆ, ಏಕೆಂದರೆ ಅಲ್ಲಿನ ಮಿತಿ 16,383. ಇಂಚಿಗೆ 72 ಪಿಕ್ಸೆಲ್‌ನ ಅಳತೆಯಲ್ಲೂ ಪೂರ್ಣಗಾತ್ರದ ಒಂದೊಂದು ಲೇಯರ್ 8 ಬಿಟ್‌ನಲ್ಲೇ ಸುಮಾರು 600 ಎಂಬಿ ಸ್ಮರಣೆಯನ್ನು ಬೇಡುವುದರಿಂದ, ಸಿ ಡ್ರೈವ್ ತುಂಬಿದ್ದರೆ ಪ್ರಿಫರೆನ್ಸಸ್‌ನ ಫೋಲ್ಡರ್ಸ್ ವಿಭಾಗದಲ್ಲಿ ಸ್ವಾಪ್ (ಸ್ಮರಣೆ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಮತ್ತು ತಾತ್ಕಾಲಿಕ ಕಡತಗಳ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸುವುದು ಒಳ್ಳೆಯದು.

ಇದಕ್ಕಿಂತ ಹೆಚ್ಚು ಕಾಡುವುದು, ಯಾವ ದೋಷಸಂದೇಶವೂ ಇಲ್ಲದೆ ಕೆಟ್ಟುಹೋಗುವ ಎಕ್ಸ್‌ಪೋರ್ಟ್. ರಾಜ್ಯೋತ್ಸವದ ಬ್ಯಾನರ್‌ನಲ್ಲಿ ಹಳದಿಯ ಮೇಲೆ ಕೆಂಪು ಅಕ್ಷರಗಳಿರುತ್ತವೆ. ಜೆಪೆಗ್‌ನ ಸುಧಾರಿತ ಆಯ್ಕೆಗಳಲ್ಲಿ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರವನ್ನು ಕಡಿತ ಮಾಡುವ ಕ್ರಮ) 4:2:0 ಎಂದಿದ್ದರೆ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಉಳಿದು, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಉಳಿಯುತ್ತದೆ. ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಕನ್ನಡದ ಒತ್ತಕ್ಷರಗಳ ಕಿರಿದಾದ ತಿರುವುಗಳಲ್ಲಿ ಮಾತ್ರ ಕೆಂಪು ಹಳದಿಗೆ ಸೋರಿ ಅಂಚು ಮಸುಕಾಗುತ್ತದೆ. ಗುಣಮಟ್ಟದ ಅಂಕಿಯನ್ನು ಏರಿಸುತ್ತಾ ಹೋಗುವುದು ಇದಕ್ಕೆ ಪರಿಹಾರವಲ್ಲ, ಬಣ್ಣದ ವಿವರವನ್ನು ಕಡಿತ ಮಾಡದ 4:4:4 ಆರಿಸಿದರೆ ಅಂಚು ಸ್ಪಷ್ಟವಾಗುತ್ತದೆ. ಮೂಲ ಚಿತ್ರದ ಗುಣಮಟ್ಟವನ್ನೇ ಬಳಸುವ ಆಯ್ಕೆಗೆ ಗುರುತು ಬಿದ್ದಿದ್ದರೆ ಫೋಟೋದ ಹಳೆಯ ಸಬ್‌ಸ್ಯಾಂಪ್ಲಿಂಗ್ ಕೂಡ ಹಿಂಬಾಲಿಸಬಹುದು, ಆದ್ದರಿಂದ ಅಕ್ಷರ ಹೆಚ್ಚಿರುವ ವಿನ್ಯಾಸಗಳಲ್ಲಿ ಆ ಗುರುತನ್ನು ತೆಗೆದುಬಿಡಬೇಕು.

ಪಾರದರ್ಶಕ ಹಿನ್ನೆಲೆ ಬೇಕಾದರೆ ಜೆಪೆಗ್ ನಡೆಯದು, ಪಿಎನ್‌ಜಿಯಂಥ ಪ್ರಕಾರ ಬೇಕು. ಅನುಮತಿ ಇಲ್ಲವೆಂಬ ಸಂದೇಶ ಬಂದರೆ ಬೇರೆ ಫೋಲ್ಡರ್‌ಗೆ ಎಕ್ಸ್‌ಪೋರ್ಟ್ ಮಾಡಿ ನೋಡಿ, ವಿಂಡೋಸ್‌ನ ಫೋಲ್ಡರ್ ರಕ್ಷಣೆ ಅಡ್ಡಬಂದಿದೆಯೇ ಎಂದು ಪರೀಕ್ಷಿಸಬಹುದು. ಕಡತದ ಹೆಸರಿನಲ್ಲಿ ದಿನಾಂಕವನ್ನು ಓರೆಗೆರೆ ಹಾಕಿ ಬರೆಯಬಾರದು.

ನನ್ನ ನಿಜವಾದ ಆಕ್ಷೇಪ ದೋಷಸಂದೇಶಗಳ ಬಗೆಗಿನದು. ಕಡತವನ್ನು ಎಕ್ಸ್‌ಪೋರ್ಟ್ ಮಾಡಲಾಗಲಿಲ್ಲವೆಂದಷ್ಟೇ ಹೇಳಿ ನಿಲ್ಲುವ ಬದಲು, ಮಿತಿ ಇಷ್ಟು, ನಿಮ್ಮ ಚಿತ್ರ ಇಷ್ಟು ಎಂದು ಪ್ರತಿಯೊಂದು ಕಡತ ಪ್ರಕಾರಕ್ಕೂ ತಿಳಿಸಿದರೆ ವಿನ್ಯಾಸಕಾರರ ಎಷ್ಟೋ ಹೊತ್ತು ಉಳಿಯುತ್ತದೆ. ಇದೊಂದು ಕೊರತೆಯಿದ್ದರೂ ಮುದ್ರಣಕ್ಕೆ ಕೆಲಸ ಕಳುಹಿಸುವವರು 3.0ಕ್ಕೆ ಬರುವುದು ಲೇಸು. ಸಂಪಾದನೆ ಪರದೆಯ ಬಣ್ಣಗಳಾದ ಆರ್‌ಜಿಬಿಯಲ್ಲೇ (ಕೆಂಪು, ಹಸಿರು, ನೀಲಿ) ನಡೆದರೂ, ಮುದ್ರಣಾಲಯ ಕೊಟ್ಟ ಬಣ್ಣದ ಪ್ರೊಫೈಲನ್ನು ಸಾಫ್ಟ್ ಪ್ರೂಫ್‌ಗೆ (ಮುದ್ರಿತ ಬಣ್ಣ ಹೇಗಿರಬಹುದೆಂದು ಪರದೆಯಲ್ಲೇ ನೋಡುವ ಸೌಲಭ್ಯಕ್ಕೆ) ಜೋಡಿಸಿ, ಜೆಪೆಗ್ ಅಥವಾ ಟಿಫ್ ಕಡತವನ್ನು ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ರಮವಾದ ಸಿಎಂವೈಕೆಯಲ್ಲೇ ಎಕ್ಸ್‌ಪೋರ್ಟ್ ಮಾಡಲು ಅದರಲ್ಲಿ ಅವಕಾಶವಿದೆ.